ತೈಲದ ನಾಡಿನ ಬ್ರೆಡ್ಡು

ಸಟನ್ ಕೋಲ್ಡ್‌ಫೀಲ್ಡ್
೧೩ ಮಾರ್ಚ್ ೨೦೨೨

ಪ್ರೀತಿಯ ವೇದಾ,

ಫೋನಿನಲ್ಲಿ ನಾನು ಕಿರುಚುವುದು, ನೀನು "ಹಾಂ? ಹಾಂ?" ಎನ್ನುವುದು ಸಾಕು. ನಿನ್ನ ಕಿವಿ ಹೀಗಾದ ಮೇಲೆ ಕಾಗದವೇ ವಾಸಿ. ಬರೆದು, ಫೋಟೋ ತೆಗೆದು ಕಳಿಸುತ್ತಿದ್ದೇನೆ. ನನ್ನ ಡಾಕ್ಟರ್ ಅಕ್ಷರ ಓದುವುದು ನಿನಗೇನೂ ಹೊಸದಲ್ಲ.

ಇಲ್ಲಿ ಎಲ್ಲರ ಬಾಯಲ್ಲೂ ಗ್ಯಾಸ್ ಬಿಲ್ಲಿನದೇ ಮಾತು. ಉಕ್ರೇನಿನಲ್ಲಿ ಯುದ್ಧ ಶುರುವಾದ ಮೇಲೆ ತೈಲದ ಬೆಲೆ ಮುಗಿಲು ಮುಟ್ಟಿದೆ. ನಮ್ಮವರು ಹೀಟಿಂಗ್ ಆರಿಸಿ, ಮನೆಯೊಳಗೇ ಕಂಬಳಿ ಹೊದ್ದು ಟಿವಿ ಮುಂದೆ ಕೂರುತ್ತಾರೆ. ಇಡೀ ಜೀವಮಾನ ಆಪರೇಷನ್ ಥಿಯೇಟರಿನ ಚಳಿಯಲ್ಲಿ ನಿಂತವರಿಗೆ ಇದೇನು ಲೆಕ್ಕ! ನಿನ್ನೆ ಸುದ್ದಿ ಕೇಳಿ, "ತೈಲ ಮಾರೂ ನಾಡು, ವೇದಾನ ಊರಾಗ ಈಗ ಹಬ್ಬ ನೋಡು" ಎಂದರು. ಇಬ್ಬರೂ ಒಂದೇ ಸಲ, ಅಲ್ಲಿ ನಿಮ್ಮ ಜೊತೆಯಲ್ಲಿದ್ದ ೧೯೮೦ಕ್ಕೆ ಹೋಗಿಬಿಟ್ಟೆವು.

ಎಂಥ ದಿನಗಳವು! ಇರಾನಿನ ಗಲಾಟೆಯಿಂದ ತೈಲದ ಬೆಲೆ ಒಂದಕ್ಕೆರಡಾಗಿತ್ತು. ಆಸ್ಪತ್ರೆಯಲ್ಲಿ ನಮಗೂ ಶಾಲೆಯಲ್ಲಿ ನಿಮಗೂ ಸಂಬಳ ಏರಿತ್ತು. ಅಲ್ಲಿನ ನಮ್ಮ ನೈರಾ ನೋಟಿನ ಮುಂದೆ ಡಾಲರ್ ಸಣ್ಣದು. ನಿನ್ನ ರಾಮಚಂದ್ರ ಪೀಜೋ ಕಾರು ಕೊಂಡು, ಮೊದಲ ದಿನವೇ ಕಳ್ಳಿ ಬೇಲಿಗೆ ನುಗ್ಗಿಸಿದರು. ಊರಿನವರೆಲ್ಲ ಓಡಿ ಬಂದರೆ, ನೀನು ಒಳಗೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಜಾಸ್ ಊರಿನ ತಂಪು ಗಾಳಿ, ಆ ಬಂಡೆ ಗುಡ್ಡಗಳು. ಧಾರವಾಡವನ್ನು ಯಾರೋ ಎತ್ತಿ ಆಫ್ರಿಕಾದಲ್ಲಿ ಇಟ್ಟ ಹಾಗೆ.

ಆಗಸ್ಟಿನಲ್ಲಿ ನಮ್ಮವರಿಗೆ ಎಂಬತ್ತು ತುಂಬುತ್ತದೆ. ಮಗ ಸ್ಕಂದ ಹೆಂಡತಿಯೊಂದಿಗೆ ಸಾಲ್ಫರ್ಡಿನಿಂದ ಬರುತ್ತಾನೆ. ನೀನು ಬರಲೇಬೇಕು. ನಿನ್ನ ಬೇಕರಿಯನ್ನು ಹಿಟ್ಟು ನಾದುವ ದಂಜುಮಾನೇ ನೋಡಿಕೊಳ್ಳಲಿ.

ನಿನ್ನ ಮಹಾದೇವಿ


ಜಾಸ್
ಯುಗಾದಿ, ೨ ಏಪ್ರಿಲ್ ೨೦೨೨

ಮಹಾದೇವಿ,

ಬೇವು ಬೆಲ್ಲ ತಿಂದು ಬರೆಯುತ್ತಿದ್ದೇನೆ. ಬೇವಿಗೆ ಇಲ್ಲಿ ಬರವಿಲ್ಲ. ಬೆಲ್ಲವಿಲ್ಲದ್ದಕ್ಕೆ ಸಕ್ಕರೆ.

ಹಬ್ಬ ಎಂದರಂತೆ ಚನ್ನಪ್ಪನವರು! ಅವರಿಗೆ ಹೇಳು: ನಮ್ಮ ತೈಲ ನೆಲದಿಂದ ಹಸಿಯಾಗಿ ಹೊರಗೆ ಹೋಗುತ್ತದೆ, ಪೆಟ್ರೋಲು, ಡೀಸೆಲು ಆಗಿ ಹಡಗಿನಲ್ಲಿ ವಾಪಸು ಬರುತ್ತದೆ. ಇಲ್ಲಿನ ರಿಫೈನರಿಗಳು ಕೆಟ್ಟು ನಿಂತು ಎಷ್ಟೋ ಕಾಲವಾಯಿತು. ಭತ್ತ ಬೆಳೆದವನು ಅಕ್ಕಿಯನ್ನು ಅಂಗಡಿಯಲ್ಲಿ ಕೊಂಡ ಹಾಗೆ. ಪೆಟ್ರೋಲಿನ ಬೆಲೆಯನ್ನು ಸರ್ಕಾರ ಹಿಡಿದಿಟ್ಟಿದೆ. ಡೀಸೆಲಿಗೆ ಆ ಭಾಗ್ಯವಿಲ್ಲ. ನಮ್ಮ ಹಿಟ್ಟು ನಾದುವ ಮಿಷನ್ನು, ಒಲೆಯ ಬರ್ನರು, ಎಲ್ಲ ನಡೆಯುವುದು ಡೀಸೆಲಿನಲ್ಲಿ. ಬ್ರೆಡ್ಡು ಸ್ವಲ್ಪ ಸಣ್ಣದಾಗಿದೆ. ನಾನೂ ಸ್ವಲ್ಪ ಸಣ್ಣಗಾಗಿದ್ದೇನೆ, ಒಳ್ಳೆಯದೇ ಆಯಿತು.

ನಿನ್ನ ಹಬ್ಬದ ವರ್ಷದಲ್ಲೂ ಸಂಬಳ ಏರಿದ ತಿಂಗಳೇ ಟೊಮೆಟೊ ಬೆಲೆ ಏರಿತ್ತು, ಮರೆತೆಯಾ? ಬುಟ್ಟಿ ಇಟ್ಟುಕೊಂಡು ಕೂತ ಮುದುಕಿಯನ್ನು ನೀನು, "ನಿನ್ನ ಟೊಮೆಟೊ ಏನು ತೈಲದ ಬಾವೀಲಿ ಬೆಳೀತಾವಾ?" ಎಂದು ರೇಗಿಸಿದೆ. ಅವಳು, "ಡಾಕ್ಟರಮ್ಮ, ನಿನ್ನ ಸಂಬಳ ಏರಿದ್ದು ನಂಗೂ ಗೊತ್ತಾಯ್ತಲ್ಲ" ಎಂದಳು. ಅವಳ ಮಗ ಹೊಲ ಬಿಟ್ಟು ಲಾಗೋಸಿಗೆ ಹೋಗಿ ಸಿಮೆಂಟು ಹೊರುತ್ತಿದ್ದ. ನಾವು ಅಮೆರಿಕದ ಅಕ್ಕಿ ತಿನ್ನುತ್ತಿದ್ದೆವು.

ಆಗಸ್ಟಿಗೆ ಖಂಡಿತ ಬರುತ್ತೇನೆ. ಹೊಸ ಸೀರೆ ಕೊಡಿಸಬೇಡ, ನನ್ನ ಹಳೆಯವೇ ಪೆಟ್ಟಿಗೆಯಲ್ಲಿ ಕೂತು ಬೇಸರಪಟ್ಟುಕೊಂಡಿವೆ.

ವೇದಾ


ಸಟನ್ ಕೋಲ್ಡ್‌ಫೀಲ್ಡ್
೧೯ ಜೂನ್ ೨೦೨೨

ವೇದಾ,

ಟಿಕೆಟ್ ಆಯಿತೇ? ಬರ್ಮಿಂಗ್‌ಹ್ಯಾಮಿಗೆ ಬಂದರೆ ಮನೆ ಹತ್ತಿರ. ಹಿಂದಿನ ಕೋಣೆಯ ಗೋಡೆಗೆ ಬಣ್ಣ ಹೊಡೆಸಿದ್ದೇನೆ. ನಮ್ಮವರು ದಿನಾ ಕೇಳುತ್ತಾರೆ, "ವೇದಾ ಬರೂದು ಎಂದ? ಬ್ರೆಡ್ ತರತಾಳೋ ಇಲ್ಲೋ?"

ಈ ಬ್ರೆಡ್ಡಿನ ಕಥೆಯನ್ನು ಮೊನ್ನೆ ಸ್ಕಂದನ ಹೆಂಡತಿಗೆ ಹೇಳಿದೆ. ೧೯೮೩ರಲ್ಲಿ ತೈಲದ ಬೆಲೆ ಬಿದ್ದು ಅಂಗಡಿಗಳೆಲ್ಲ ಖಾಲಿಯಾದಾಗ, ಹಾಲಿನ ಪುಡಿಗೆ ಒಂದು ಸಾಲು, ಸಾಬೂನಿಗೆ ಒಂದು ಸಾಲು ನಿಂತದ್ದು, ಊರಲ್ಲಿ ಬ್ರೆಡ್ಡೇ ಸಿಗದೆ ನೀನು ನಮ್ಮ ಕ್ವಾರ್ಟರ್ಸಿನ ಒಲೆಯಲ್ಲಿ ಪ್ರಯೋಗ ಶುರುಮಾಡಿದ್ದು. ಮೊದಲ ಬ್ರೆಡ್ಡನ್ನು ನಮ್ಮವರು ಆಪರೇಷನ್ ಚಾಕುವಿನಿಂದ ಕೊಯ್ದರೂ ಕತ್ತರಿಸಲಾಗಲಿಲ್ಲ. ಸೊಸೆ ನಕ್ಕೂ ನಕ್ಕೂ ಸುಸ್ತಾದಳು. ಮುಂದಿನ ವರ್ಷ ನಾವು ಇಂಗ್ಲೆಂಡಿಗೆ ಹೊರಟೆವು. ನೀನು ಉಳಿದೆ. ಒಲೆಯೂ ಉಳಿಯಿತು.

ತಾರೀಖು ಬೇಗ ಬರೆ.

ಮಹಾದೇವಿ


ಜಾಸ್
೩೦ ಜುಲೈ ೨೦೨೨

ಮಹಾದೇವಿ,

ಈ ಸಲ ಬರಲಾಗುವುದಿಲ್ಲ. ಮಂಡಿ ನೋವು ಬಹಳ. ಅಷ್ಟು ದೂರ ಕಾಲು ಮಡಚಿಕೊಂಡು ಕೂರಲಾರೆ. ಚನ್ನಪ್ಪನವರಿಗೆ ನನ್ನ ನಮಸ್ಕಾರ ತಿಳಿಸು. ಸಿಟ್ಟಾಗಬೇಡ.

ವೇದಾ


ಸಟನ್ ಕೋಲ್ಡ್‌ಫೀಲ್ಡ್
೪ ಸೆಪ್ಟೆಂಬರ್ ೨೦೨೨

ವೇದಾ,

ಹುಟ್ಟುಹಬ್ಬ ಚೆನ್ನಾಗಿ ಆಯಿತು. ಬರ್ಮಿಂಗ್‌ಹ್ಯಾಮಿನ ನಮ್ಮ ಕನ್ನಡದವರೆಲ್ಲ ಬಂದಿದ್ದರು. ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಎಲ್ಲ ಮನೆಯಲ್ಲೇ.

ಮಂಡಿ ನೋವು ಎಂದೆ. ನಾನು ನಲವತ್ತು ವರ್ಷ ಡಾಕ್ಟರಾಗಿದ್ದವಳು, ವೇದಾ. ಮಂಡಿ ನೋವಿನವರನ್ನು ಕುರ್ಚಿಯಲ್ಲಿ ಕೂರಿಸಿ ವಿಮಾನ ಹತ್ತಿಸುತ್ತಾರೆ ಎನ್ನುವುದು ನಿನಗೂ ಗೊತ್ತು. ಬೇಕರಿ ಬಿಟ್ಟು ಬರಲು ಮನಸ್ಸಿಲ್ಲ ಎಂದಿದ್ದರೆ ಒಪ್ಪುತ್ತಿದ್ದೆ. ತೈಲ ಮಾರುವ ನಾಡಿನಲ್ಲಿ ಸ್ವಂತ ವ್ಯಾಪಾರ ಇಟ್ಟುಕೊಂಡವಳಿಗೆ, ಈ ಏರಿಕೆಯ ಕಾಲದಲ್ಲಿ, ಹಳೆಯ ಗೆಳತಿಯ ಮನೆಗೆ ಬರಲು ಒಂದು ವಾರ ಸಿಗಲಿಲ್ಲ. ಹೋಗಲಿ ಬಿಡು.

ಮಹಾದೇವಿ


ಜಾಸ್
ಸಂಕ್ರಾಂತಿ, ೧೫ ಜನವರಿ ೨೦೨೩

ಮಹಾದೇವಿ,

ಇವತ್ತು ಬೆಳಿಗ್ಗೆ ಎದ್ದರೆ ಊರೇ ಕಾಣುತ್ತಿಲ್ಲ. ಮರುಭೂಮಿಯ ಧೂಳಿನ ಗಾಳಿ ಶುರುವಾಗಿದೆ. ತುಟಿ ಒಡೆದು ಉರಿಯುತ್ತದೆ. ಈ ಗಾಳಿ ಬಂದಾಗ ನೀನು ಆಸ್ಪತ್ರೆಯಿಂದ ವ್ಯಾಸಲೀನ್ ಡಬ್ಬಿ ತಂದು, ನಮ್ಮ ಶಾಲೆಯ ಹುಡುಗಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ತುಟಿಗೆ ಹಚ್ಚುತ್ತಿದ್ದೆ. ನನಗೂ ಹಚ್ಚುತ್ತಿದ್ದೆ, ನಾನು ಅವರ ಟೀಚರು ಎಂಬುದನ್ನೂ ಮರೆತು.

ಎಳ್ಳು ಹುರಿದಿದ್ದೇನೆ. ಕೊಬ್ಬರಿ ಇದೆ. ಕಡಲೆಕಾಯಿಗೆ ಈ ನಾಡಿನಲ್ಲಿ ಯಾವತ್ತೂ ಕೊರತೆಯಿಲ್ಲ. ದಂಜುಮಾನ ಮಕ್ಕಳಿಗೆ ಎಳ್ಳು ಬೆಲ್ಲ ಕೊಟ್ಟು "ಒಳ್ಳೆ ಮಾತಾಡಿ" ಅನ್ನಿಸಿದೆ. ಅವರ ಬಾಯಲ್ಲಿ ಅದು "ಓಲೆ ಮಾತಾಡಿ" ಆಯಿತು.

ನೀನೂ ಓಲೆಯಲ್ಲಿ ಮಾತಾಡು.

ವೇದಾ


ಜಾಸ್
೯ ಜುಲೈ ೨೦೨೩

ಮಹಾದೇವಿ,

ಎಷ್ಟು ತಿಂಗಳಾಯಿತು ನಿನ್ನ ಅಕ್ಷರ ಕಂಡು. ಇಷ್ಟು ಉದ್ದದ ಸಿಟ್ಟನ್ನು ನೀನು ಎಂದೂ ಇಟ್ಟುಕೊಂಡವಳಲ್ಲ.

ಹೊಸ ಸರ್ಕಾರ ಬಂದು ಪೆಟ್ರೋಲಿನ ಸಬ್ಸಿಡಿ ತೆಗೆದು ಹಾಕಿತು. ಎರಡು ವಾರಕ್ಕೆ ನೈರಾದ ಬೆಲೆಯನ್ನೂ ಹಿಡಿದಿಡದೆ ಅದರ ಪಾಡಿಗೆ ಬಿಟ್ಟಿತು. ಮಾರ್ಕೆಟ್ಟಿನಲ್ಲಿ ಬೆಳಗಿನ ಬೆಲೆ ಸಂಜೆಗೆ ಇರುವುದಿಲ್ಲ. ನಾವು ಹೇಗೋ ನಡೆಸುತ್ತಿದ್ದೇವೆ. ನನ್ನ ಬಗ್ಗೆ ಯೋಚನೆ ಬೇಡ. ನಿನ್ನ ಬಗ್ಗೆ ಎರಡು ಸಾಲು ಬರೆ.

ವೇದಾ


ಸಟನ್ ಕೋಲ್ಡ್‌ಫೀಲ್ಡ್
೧೨ ನವೆಂಬರ್ ೨೦೨೩

ವೇದಾ,

ದೀಪಾವಳಿಯ ಶುಭಾಶಯ. ನಾವಿಬ್ಬರೂ ಚೆನ್ನಾಗಿದ್ದೇವೆ. ನಮ್ಮವರು ತೋಟದಲ್ಲಿ ಬಿಜಿ. ಕೆಲಸ ಬಹಳ, ಬರೆಯಲು ಆಗಲಿಲ್ಲ.

ಮಹಾದೇವಿ


ಜಾಸ್
೧೭ ಡಿಸೆಂಬರ್ ೨೦೨೩

ಮಹಾದೇವಿ,

ನಿನ್ನ ಮೂರು ಸಾಲು ಓದಿ ಜೀವ ಬಂತು. ಚನ್ನಪ್ಪನವರು ತೋಟದ ಕೆಲಸ ಮಾಡುತ್ತಾರೆ ಎಂದರೆ ಆಶ್ಚರ್ಯ. ಇಲ್ಲಿದ್ದಾಗ ಒಂದು ಪಪ್ಪಾಯಿ ಗಿಡಕ್ಕೂ ನೀರು ಹಾಕಿದವರಲ್ಲ. ವಯಸ್ಸು ಮನುಷ್ಯನನ್ನು ಹೇಗೆ ಬದಲಿಸುತ್ತದೆ ನೋಡು!

ಇಲ್ಲಿ ಕ್ರಿಸ್‌ಮಸ್ ಗಡಿಬಿಡಿ. ಒಲೆಗಳಿಗೆ ಬಿಡುವಿಲ್ಲ. ದಂಜುಮಾ ಎಂದಿನಂತೆ ಬೈದುಕೊಂಡೇ ಹಿಟ್ಟು ನಾದುತ್ತಾನೆ.

ವೇದಾ


ಸಟನ್ ಕೋಲ್ಡ್‌ಫೀಲ್ಡ್
೧೮ ಫೆಬ್ರವರಿ ೨೦೨೪

ವೇದಾ,

ಈ ಕಾಗದವನ್ನು ಕುಳಿತುಕೊಂಡು ಓದು.

ನಮ್ಮವರು ತೋಟದಲ್ಲಿಲ್ಲ. ೨೦೨೨ರ ಅಕ್ಟೋಬರಿನಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಗಿ, ಆಮೇಲೆ ಅರ್ಧ ಬಂತು. ಬಂದದ್ದು ಕನ್ನಡ ಮಾತ್ರ. ನಲವತ್ತು ವರ್ಷ ಆಡಿದ ಇಂಗ್ಲಿಷ್ ಪೂರ್ತಿ ಅಳಿಸಿಹೋಯಿತು. ನನ್ನ ಸಿಟ್ಟಿನ ಕಾಗದ ನಿನಗೆ ತಲುಪಿ ಎರಡು ತಿಂಗಳೂ ಕಳೆದಿರಲಿಲ್ಲ. ತಿಳಿಸಿದರೆ, ಬರದವಳನ್ನು ಕರುಣೆಯ ಮೇಲೆ ಕರೆದಂತೆ ಆಗುತ್ತದೆ ಎಂದುಕೊಂಡೆ. ಆಮೇಲೆ ದಿನಗಳು ಕಳೆದಂತೆ ಹೇಳುವುದೇ ಕಷ್ಟವಾಯಿತು.

ಮನೆಗೆ ಬಂದು ಸ್ನಾನ ಮಾಡಿಸುವ ಕೇರರ್‌ಗಳಿದ್ದಾರೆ. ಅವರು ಕೇಳುವುದು ಇವರಿಗೆ ತಿಳಿಯದು, ಇವರು ಹೇಳುವುದು ಅವರಿಗೆ ತಿಳಿಯದು. ನಾನು ನಡುವೆ ನಿಂತು ದುಭಾಷಿ. ಕಳೆದ ಸೋಮವಾರ ಹೊಸಬಳೊಬ್ಬಳು ಬಂದಳು. ಮೂವತ್ತರ ಹೆಣ್ಣುಮಗಳು. ಹೆಸರು ಲಾಡಿ ಎಂದಳು. ಇವರಿಗೆ ಅರ್ಧ ಬಾಯಲ್ಲೇ ನಗು ಉಕ್ಕಿತು.

"ಲಾಡಿ? ಗಟ್ಟಿ ಅದನೋ ಇಲ್ಲೋ ಕೇಳ!" ಎಂದರು.

ನನಗೂ ತಡೆಯಲಾಗಲಿಲ್ಲ. ಪಾಪ, ಅವಳಿಗೇನು ಗೊತ್ತು ನಮ್ಮ ಲಂಗದ ಲಾಡಿ! ಅವಳೂ ಸುಮ್ಮನೆ ನಕ್ಕಳು. ಆ ಮುಖ ನೋಡಿ ಇವರಿಗೆ ಏನು ನೆನಪಾಯಿತೋ, ಮೆಲ್ಲಗೆ, "ಸನ್ನು" ಎಂದರು.

ಅವಳ ಕೈಯಲ್ಲಿದ್ದ ಟವೆಲ್ಲು ಅಲ್ಲೇ ನಿಂತಿತು. "ಸನ್ನು, ಬಾಬಾ! ಇನಾ ಕ್ವಾನಾ?"

"ಲಾಫಿಯಾ, ಲಾಫಿಯಾ."

ನಮಸ್ಕಾರವಾಯಿತು, ನಿದ್ದೆ ಹೇಗಾಯಿತು ಎಂದು ಅವಳು, ಚೆನ್ನಾಗಾಯಿತು ಎಂದು ಇವರು. ನಿಮ್ಮೂರಿನ ಹೌಸಾ ಭಾಷೆಯ ಆ ನಾಲ್ಕು ಮಾತು ಅವರೊಳಗೆ ಎಲ್ಲಿ ಅಡಗಿತ್ತೋ! ಈ ಮನೆಯಲ್ಲಿ ನನ್ನ ಸಹಾಯವಿಲ್ಲದೆ ಅವರು ಇನ್ನೊಬ್ಬರೊಂದಿಗೆ ಮಾತಾಡಿ ಒಂದು ವರ್ಷದ ಮೇಲಾಗಿತ್ತು. ನಾನು ಬಾಗಿಲು ಹಿಡಿದು ನಿಂತುಬಿಟ್ಟೆ.

ಆಮೇಲೆ ಇವರು "ಬುರೋಡಿ" ಎಂದರು.

"ಬಾಬಾಗೆ ಬ್ರೆಡ್ ಬೇಕಂತೆ. ಟೋಸ್ಟ್ ಮಾಡಲಾ?" ಎಂದು ಅವಳು ನನ್ನನ್ನು ಕೇಳಿದಳು.

"ಇಲ್ಲಿಯ ಬ್ರೆಡ್ ಅಲ್ಲಮ್ಮ ಅವರು ಕೇಳೋದು. ನಾವು ಬಹಳ ಹಿಂದ ಜಾಸ್‌ದಾಗ ಇದ್ವಿ. ಅಲ್ಲಿದು ಕೇಳತಾರ" ಎಂದೆ, ನನ್ನ ಇಂಗ್ಲಿಷಿನಲ್ಲಿ.

"ನಾನು ಜಾಸ್‌ನವಳು! ಯಾವ ಬ್ರೆಡ್? ಮಾಮಾ ವೇದಾ ಬ್ರೆಡ್ಡಾ?"

ನಾನು ಕುರ್ಚಿಯಲ್ಲಿ ಕೂತೆ. ಶಾಲೆಗೆ ಹೋಗುವಾಗ ನಿನ್ನ ಬ್ರೆಡ್ಡು ತಿಂದು ಬೆಳೆದವಳಂತೆ. ನೀನು ಅವಳ ಅಕ್ಕನಿಗೆ ಗಣಿತ ಹೇಳಿಕೊಟ್ಟಿದ್ದೀಯಂತೆ. ಅಲ್ಲಿ ನರ್ಸಾಗಿದ್ದಳು. ಸಂಬಳ ತಿಂಗಳ ಅರ್ಧಕ್ಕೂ ಸಾಲದಾದಾಗ ಇಲ್ಲಿಗೆ ಬಂದಳು. ನಾನು ಖುಷಿಯಲ್ಲಿ, "ಈಗಲೂ ಅಷ್ಟೇ ರುಚಿಯಾಗಿದೆಯಾ?" ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. "ಅದು ಮುಚ್ಚಿಹೋಯಿತಲ್ಲ ಮಾಮಾ. ನಾನು ಹೊರಡೋ ಮೊದಲೇ, ಸೆಪ್ಟೆಂಬರಲ್ಲಿ. ನಿಮಗೆ ಗೊತ್ತಿಲ್ಲವಾ?"

ಡಿಸೆಂಬರಿನಲ್ಲಿ ನಿನ್ನ ಒಲೆಗಳಿಗೆ ಬಿಡುವಿರಲಿಲ್ಲ ಅಲ್ಲವೇ, ವೇದಾ?

ನಾನು ಸುಳ್ಳು ಹೇಳಿದೆ, ನೀನೂ ಹೇಳಿದೆ. ಈಗ ಇಬ್ಬರೂ ಸಮ. ಇನ್ನು ನಿಜ ಬರೆ. ಎಲ್ಲವನ್ನೂ.

ಮಹಾದೇವಿ


ಜಾಸ್
೩ ಮಾರ್ಚ್ ೨೦೨೪

ನನ್ನ ಮಹಾದೇವಿ,

ಚನ್ನಪ್ಪನವರ ಸುದ್ದಿ ಓದಿ ಎರಡು ದಿನ ಏನೂ ಮಾಡಲಾಗಲಿಲ್ಲ. ತೋಟದ ಮಾತು ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಆಶ್ಚರ್ಯಪಟ್ಟು ಸುಮ್ಮನಾದೆ. ನೀನು ಸಿಟ್ಟಿನಲ್ಲಿದ್ದೀಯ ಎಂದೇ ತಿಳಿದು ಒಂದು ವರ್ಷ ಕಳೆದೆ.

ನಿಜ ಇದು. ಅವರ ಎಂಬತ್ತರ ಹುಟ್ಟುಹಬ್ಬದ ವರ್ಷ ನಾನು ವೀಸಾಕ್ಕೆ ಅರ್ಜಿ ಹಾಕಿದ್ದೆ. ಅಬುಜಾಕ್ಕೆ ಹೋಗಿ ಬೆರಳಚ್ಚು ಕೊಟ್ಟು ಬಂದೆ. ನನ್ನ ಉಳಿತಾಯವೆಲ್ಲ ನೈರಾದಲ್ಲಿತ್ತು. ಹತ್ತು ವರ್ಷದ ಹಿಂದೆ ಅದರಲ್ಲಿ ಒಂದು ಮನೆ ಕೊಳ್ಳಬಹುದಿತ್ತು. ತೈಲದ ಬೆಲೆ ಬಿದ್ದಾಗ ನೈರಾ ಅದರ ಹಿಂದೆಯೇ ಬಿತ್ತು. ತೈಲ ಮತ್ತೆ ಎದ್ದಿತು, ನೈರಾ ಏಳಲಿಲ್ಲ. ಪೌಂಡಿಗೆ ಬದಲಿಸಿ ನೋಡಿದರೆ, ನಿಮ್ಮೂರಿನಲ್ಲಿ ಒಂದೆರಡು ತಿಂಗಳ ಬಾಡಿಗೆ. ಇಷ್ಟೇ ದುಡ್ಡಿನವಳು ಪ್ರವಾಸ ಮುಗಿಸಿ ಹಿಂತಿರುಗುತ್ತಾಳೆಂದು ನಂಬಲಾಗುವುದಿಲ್ಲ ಎಂದು ಉತ್ತರ ಬಂತು. ಖರ್ಚೆಲ್ಲ ನಿನ್ನದೆಂದು ನಿನ್ನಿಂದ ಒಂದು ಪತ್ರ ತರಿಸಿಕೊಂಡು ಮತ್ತೆ ಹಾಕಬಹುದಿತ್ತು. ಹೇಗೆ ಕೇಳಲಿ? ನಾನು ಹಬ್ಬದಲ್ಲಿದ್ದೇನೆ ಎಂದು ನೀವಿಬ್ಬರೂ ಸಂತೋಷಪಡುತ್ತಿದ್ದಿರಿ. ಅದಕ್ಕೇ ಮಂಡಿ ನೋವು.

ಬೇಕರಿಯೂ ಹಾಗೆಯೇ ಹೋಯಿತು, ಸ್ವಲ್ಪ ಸ್ವಲ್ಪವಾಗಿ. ಯುದ್ಧದ ವರ್ಷ ಡೀಸೆಲು ಮೇಲೇರಿತು. ಗೋಧಿ ಹೊರಗಿನದು, ಈಸ್ಟ್ ಹೊರಗಿನದು, ಎಲ್ಲಕ್ಕೂ ಡಾಲರು. ತೈಲದ ಆ ಬೆಲೆಗೆ ನಮ್ಮ ನಾಡಿಗೆ ಡಾಲರು ಹೊಳೆಯಾಗಿ ಹರಿಯಬೇಕಿತ್ತು. ಆದರೆ ತೈಲ ಪೈಪಿನಿಂದಲೇ ಕಳುವಾಗುತ್ತಿತ್ತು, ಬಂದದ್ದು ಪೆಟ್ರೋಲು ಕೊಳ್ಳುವುದಕ್ಕೇ ಹೋಯಿತು. ಬ್ರೆಡ್ಡು ಸಣ್ಣದು ಮಾಡಿದೆ. ಆಮೇಲೆ ಬೆಲೆ ಏರಿಸಿದೆ. ಆಮೇಲೆ ಅರ್ಧ ಬ್ರೆಡ್ಡು ಮಾರಿದೆ. ಸಬ್ಸಿಡಿ ಹೋದ ಮೇಲೆ, ಹಿಟ್ಟಿನ ಲಾರಿಯ ಬಾಡಿಗೆಯೇ ಹಿಟ್ಟಿನ ಬೆಲೆಗೆ ಸಮ ನಿಂತಿತು. ಒಂದು ಬೆಳಿಗ್ಗೆ ದಂಜುಮಾ ಎಂದ, "ಮಾಮಾ, ಇವತ್ತು ನಾವು ಸುಟ್ಟರೆ ನಷ್ಟ, ಸುಡದಿದ್ದರೆ ಕಡಿಮೆ ನಷ್ಟ." ಅವನು ಹೇಳಿ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಮೂವತ್ತು ವರ್ಷದಲ್ಲಿ ಅವನು ಬೈಯದೆ ಆಡಿದ ಮಾತು ಅದೊಂದೇ ಇರಬೇಕು.

ಕೂತು ಯೋಚಿಸುತ್ತೇನೆ. ನಾವು ಕುಣಿದಾಡಿದ ವರ್ಷ ತೈಲ ಏರಿತ್ತು, ಸಾಮಾನು ತುಟ್ಟಿಯಾಯಿತು. ಸಾಬೂನಿಗೆ ಸಾಲು ನಿಂತ ವರ್ಷ ತೈಲ ಬಿದ್ದಿತ್ತು, ಆಗಲೂ ತುಟ್ಟಿಯಾಯಿತು. ಏರಿದರೆ ಎಲ್ಲರ ಕೈಗೆ ದುಡ್ಡು ಬರುತ್ತದೆ, ಹೊಲ ಬೀಳು ಬೀಳುತ್ತದೆ. ಬಿದ್ದರೆ ಡಾಲರು ಒಣಗುತ್ತದೆ, ಹೊರಗಿನಿಂದ ಏನೂ ಬರುವುದಿಲ್ಲ. ಆಗ ನಾವು ಹರೆಯದವರು, ಸಾಲಿನಲ್ಲಿ ನಿಂತೂ ನಗುತ್ತಿದ್ದೆವು. ಅದನ್ನೇ ಒಳ್ಳೆಯ ಕಾಲವೆಂದು ನೆನೆಯುತ್ತೇವೆ. ಕಾಲ ಒಳ್ಳೆಯದಿತ್ತೋ, ನಾವು ಜೊತೆಯಲ್ಲಿದ್ದೆವೋ, ಬೇರೆ ಮಾಡಿ ನೋಡಲು ನನಗೆ ಆಗುತ್ತಿಲ್ಲ.

ನಾನು ಹಸಿದಿಲ್ಲ. ಮುಂದಿನ ಭಾಗ ಒಬ್ಬ ಟೈಲರಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಸಂಜೆ ಹುಡುಗಿಯರು ಗಣಿತಕ್ಕೆ ಬರುತ್ತಾರೆ. ಕೆಲವರು ಫೀಸಿನ ಬದಲು ಆಲೂಗಡ್ಡೆ ತರುತ್ತಾರೆ. ದಂಜುಮಾ ಬಸ್ ನಿಲ್ದಾಣದಲ್ಲಿ ಜೋಳದ ತೆನೆ ಸುಡುತ್ತಾನೆ. ಮೈಸೂರಿಗೆ ಬಾ ಎಂದು ತಂಗಿ ಬರೆಯುತ್ತಾಳೆ. ರಾಮಚಂದ್ರನ ಬೂದಿಯನ್ನು ಇಲ್ಲಿಯ ಹೊಳೆಯಲ್ಲಿ ಬಿಟ್ಟವಳು ನಾನು. ಎಲ್ಲಿಗೆ ಹೋಗಲಿ?

ದುಡ್ಡು ಕಳಿಸಬೇಡ. ಕಳಿಸಿದರೆ ಮಾತು ಬಿಡುತ್ತೇನೆ. ಚನ್ನಪ್ಪನವರ ಬಗ್ಗೆ ದಿನಾ ಬರೆ.

ವೇದಾ


ಸಟನ್ ಕೋಲ್ಡ್‌ಫೀಲ್ಡ್
೧೯ ಮೇ ೨೦೨೪

ವೇದಾ,

ಏಪ್ರಿಲ್ ೨೬ರ ಬೆಳಿಗ್ಗೆ ನಮ್ಮವರು ಲಿಂಗೈಕ್ಯರಾದರು. ಎರಡನೇ ಸ್ಟ್ರೋಕ್. ಅಂದು ಸ್ಕಂದ ಕಳಿಸಿದ ಸುದ್ದಿ ನಿನಗೆ ಮುಟ್ಟಿದೆ. ನಾನು ಪೆನ್ನು ಹಿಡಿಯಲು ಇಷ್ಟು ದಿನ ಬೇಕಾಯಿತು.

ನಿನ್ನ ಕಾಗದಗಳನ್ನು ದಿನವೂ ಅವರಿಗೆ ಓದಿ ಹೇಳುತ್ತಿದ್ದೆ. ನಿನ್ನ ವೀಸಾದ ಮಾತು ಕೇಳಿ ಅವರು, "ಅಕೀಗೆ ನಾವು ಕೇಳಬೇಕಿತ್ತಲ್ಲ. ಹ್ಯಾಂಗ ಇದ್ದಿ ಅಂತ ಕೇಳಬೇಕಿತ್ತು" ಎಂದರು. ಅಷ್ಟು ಉದ್ದ ಮಾತು ಅವರು ಆಮೇಲೆ ಆಡಲಿಲ್ಲ. ಕಾಗದ ಮಡಚಿಟ್ಟು ಅಡಿಗೆಮನೆಗೆ ಹೋದೆ. ನಿನ್ನನ್ನು ಎಷ್ಟು ಚುಚ್ಚಿ ಬರೆದಿದ್ದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ.

ಮಣ್ಣು ಮಾಡುವಾಗ ಲಾಡಿ ರಜೆ ಹಾಕಿ ಬಂದಿದ್ದಳು. ನಮ್ಮ ಜನರ ನಡುವೆ ನಿಂತು, ನಾವು ವಿಭೂತಿ ಹಚ್ಚಿಕೊಂಡಂತೆ ತಾನೂ ಹಚ್ಚಿಕೊಂಡಳು. ಅವಳನ್ನು ತಬ್ಬಿಕೊಂಡೇ ನಾನು ಅತ್ತದ್ದು.

ಸ್ಕಂದ ಸಾಲ್ಫರ್ಡಿಗೆ ಬಾ ಎನ್ನುತ್ತಾನೆ. ಹೋಗೋಣ, ಆಮೇಲೆ. ನಿನ್ನನ್ನು ಬಾ ಎಂದು ಇನ್ನು ಕರೆಯುವುದಿಲ್ಲ. ನಾನೇ ಬರುತ್ತೇನೆ. ಈ ದೇಶದ ಪಾಸ್‌ಪೋರ್ಟ್ ನನ್ನ ಹತ್ತಿರ ಇದೆ, ಅದರಿಂದ ಒಂದಾದರೂ ಉಪಯೋಗವಾಗಲಿ. ಸ್ಕಂದ "ಅಮ್ಮ, ಆರ್ ಯೂ ಶ್ಯೂರ್? ಈಸ್ ಇಟ್ ಸೇಫ್?" ಎಂದು ಮೂರು ಸಲ ಫೋನು ಮಾಡಿದ. ನನ್ನ ಗೆಳತಿ ಅಲ್ಲಿ ನಲವತ್ತೈದು ವರ್ಷದಿಂದ ಇದ್ದಾಳೆ ಎಂದೆ.

ನವೆಂಬರ್ ಮೂರನೇ ವಾರ ಟಿಕೆಟ್ ಆಗಿದೆ. ಎರಡು ವಾರ ಇರುತ್ತೇನೆ.

ಮಹಾದೇವಿ


ಜಾಸ್
೨೦ ಅಕ್ಟೋಬರ್ ೨೦೨೪

ಮಹಾದೇವಿ,

ಹಳದಿ ಜ್ವರದ ಚುಚ್ಚುಮದ್ದಿನ ಕಾರ್ಡು ಮರೆಯಬೇಡ. ಅಬುಜಾದಲ್ಲಿ ಇಳಿದು ಜಾಸ್‌ಗೆ ಸಣ್ಣ ವಿಮಾನ ಹಿಡಿ. ರಸ್ತೆಯಲ್ಲಿ ಬರುವ ಸಾಹಸ ಬೇಡ. ದಂಜುಮಾ ಯಾರದೋ ಕಾರು ಕೇಳಿಟ್ಟಿದ್ದಾನೆ. ಪೆಟ್ರೋಲು ಈಗಲೇ ಕ್ಯಾನಿನಲ್ಲಿ ತುಂಬಿಸಿಟ್ಟಿದ್ದೇವೆ. ಹೊರಗೆ ತೈಲದ ಬೆಲೆ ಇಳಿದಿದೆ ಎಂದು ಪೇಪರಿನಲ್ಲಿ ಓದಿದೆ, ಇಲ್ಲಿ ಪೆಟ್ರೋಲು ಈ ತಿಂಗಳು ಮತ್ತೆ ಏರಿತು. ಅದೇಕೆ ಎಂದು ಬಂದ ಮೇಲೆ ಕೂತು ಜಗಳವಾಡೋಣ.

ಸೂಟ್‌ಕೇಸ್ ತುಂಬ ಸಾಮಾನು ಹೇರಿಕೊಂಡು ಬರಬೇಡ. ಹುಣಿಸೆಹಣ್ಣು ಸಿಕ್ಕರೆ ತಾ. ಒಂದು ಒಳ್ಳೆಯ ಸಾರಿನ ಪುಡಿ ತಾ. ಚನ್ನಪ್ಪನವರ ಒಂದು ಫೋಟೋ ತಾ, ವಯಸ್ಸಾದ ಮೇಲಿನದು. ನನ್ನ ಕಣ್ಣಿನಲ್ಲಿ ಅವರಿಗೆ ಇನ್ನೂ ನಲವತ್ತು.

ಪಕ್ಕದ ಮನೆಯಿಂದ ಒಂದು ಮಂಚ ತರಿಸಿ ನನ್ನ ಕೋಣೆಯಲ್ಲೇ ಹಾಕಿಸಿದ್ದೇನೆ. ಕಿಟಕಿಯ ಕಡೆಯದು ನಿನಗೆ. ಬೆಳಿಗ್ಗೆ ಎದ್ದರೆ ಗುಡ್ಡ ಕಾಣುತ್ತದೆ. ಹುಡುಗಿಯರಿಗೆ ಹೇಳಿಟ್ಟಿದ್ದೇನೆ, ಇಂಗ್ಲೆಂಡಿನಿಂದ ಡಾಕ್ಟರು ಬರುತ್ತಾರೆ ಎಂದು. ಕೆಮ್ಮು, ಕಿವಿನೋವು, ಹೊಟ್ಟೆನೋವು, ಎಲ್ಲ ನಿನಗಾಗಿ ಕಾದಿವೆ.

ಎರಡು ವಾರ ಎಂದು ಬರೆದಿದ್ದೀಯ. ಹಿಂತಿರುಗುವ ಟಿಕೆಟ್ಟಿನ ತಾರೀಖು ಮುಂದೆ ಹಾಕಲು ಬರುತ್ತದೆಯೇ ಎಂದು ಒಂದು ಮಾತು ಕೇಳಿಕೊಂಡು ಬಾ.

ವೇದಾ